ಜಲವರ್ಣಕ್ಕೆ ಲ್ಯಾಮಿನೇಷನ್ ಬೇಡ

ಮಾನ್ಯ ಸಂಪಾದಕರೇ,

2025ರ ಮಾರ್ಚ್‌ನಲ್ಲಿ ಎಂ.ಎಫ್. ಹುಸೇನರ ‘ಗ್ರಾಮಯಾತ್ರೆ’ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋದಾಗ ಎಲ್ಲ ಪತ್ರಿಕೆಗಳೂ ಅದನ್ನು ದೊಡ್ಡದಾಗಿ ಅಚ್ಚು ಹಾಕಿದವು. ಸೊನ್ನೆ ಎಣಿಸುವ ಭರದಲ್ಲಿ ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸಲಿಲ್ಲ. ಆ ಚಿತ್ರವನ್ನು 1954ರಲ್ಲಿ ದೆಹಲಿಯಲ್ಲಿ ಕೊಂಡವರು ವಿಶ್ವ ಆರೋಗ್ಯ ಸಂಸ್ಥೆಯ ಕೆಲಸಕ್ಕೆಂದು ಬಂದಿದ್ದ ಒಬ್ಬ ವೈದ್ಯರು. ಮುಂದೆ ಅದು ನಾರ್ವೆಯ ಓಸ್ಲೊ ನಗರದ ಆಸ್ಪತ್ರೆಗೆ ಸೇರಿ ದಶಕಗಳ ಕಾಲ ಅಲ್ಲಿಯೇ ಇತ್ತು. ಆಸ್ಪತ್ರೆಯೊಂದರಲ್ಲಿ ಅಷ್ಟು ವರ್ಷ ಇದ್ದ ಚಿತ್ರ ಕೆಡದೆ ಉಳಿಯಿತಲ್ಲ, ನನ್ನ ಮಟ್ಟಿಗೆ ಸುದ್ದಿ ಅದು. ನಾನು ಮಲೆನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು. ಇಲ್ಲಿ ಗೋಡೆಗೆ ಏನನ್ನು ನೇತುಹಾಕಿದರೂ ಎರಡು ಮಳೆಗಾಲದಲ್ಲಿ ಅದರ ಹಣೆಬರಹ ತೀರ್ಮಾನವಾಗುತ್ತದೆ.

ನಾನು ಬರೆಯಹೊರಟಿರುವುದು ಹರಾಜಿಗೆ ಎಂದೂ ಹೋಗದ ಚಿತ್ರಗಳ ಬಗ್ಗೆ. ನಮ್ಮ ಕಡೆಯ ಊರುಗಳಲ್ಲಿ ಕಲಾವಿದರೆಂದರೆ ಬಹುಮಟ್ಟಿಗೆ ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟ್ರುಗಳು. ಅವರ ಚಿತ್ರಗಳನ್ನು ದುಡ್ಡು ಕೊಟ್ಟು ಕೊಂಡವರು ಕಡಿಮೆ. ವರ್ಗವಾಗಿ ಹೋಗುವ ಬ್ಯಾಂಕಿನ ಮ್ಯಾನೇಜರಿಗೆ, ಮಗಳ ಮದುವೆಗೆ ಸಾಲ ಕೊಟ್ಟ ಅಡಿಕೆ ಮಂಡಿಯವರಿಗೆ, ಹೆರಿಗೆ ಮಾಡಿಸಿದ ಡಾಕ್ಟರಿಗೆ ಅವರು ಭಾವಚಿತ್ರ ಬರೆದು ಕೊಟ್ಟಿದ್ದಾರೆ. ಕೈಯಲ್ಲಿ ಕಾಸಿಲ್ಲದವರು ಕೈಯಲ್ಲಿದ್ದ ವಿದ್ಯೆಯಿಂದ ಋಣ ತೀರಿಸಿದ ಬಗೆ ಅದು. ಹೀಗೆ ಕೊಟ್ಟೂ ಕೊಟ್ಟೂ ಅವರ ಸ್ವಂತ ಮನೆಯ ಗೋಡೆ ಬರಿದಾಗಿರುತ್ತದೆ. ಅವರು ಹೋದ ಮೇಲೆ ಅವರ ಜೀವಮಾನದ ಕೆಲಸವೆಲ್ಲ ಬೇರೆಯವರ ಮನೆಗಳಲ್ಲಿ ಚೆದುರಿ ಉಳಿಯುತ್ತದೆ. ಉಳಿಯುತ್ತದೆ ಎಂದು ಅಂದುಕೊಂಡಿದ್ದೆ.

ನಮ್ಮ ತಾಲ್ಲೂಕಿನ ಅಂಥ ಒಬ್ಬ ಮೇಷ್ಟ್ರು ಮಂಗನ ಕಾಯಿಲೆಯಿಂದ ನಮ್ಮ ವಾರ್ಡಿನಲ್ಲಿದ್ದರು. ಅವರ ಹೆಸರು ಬರೆಯುವುದಿಲ್ಲ, ಮನೆಯವರ ಕೋರಿಕೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರದ ವಿಷಯ ಹೊರಗಿನವರಿಗೆ ಹೆಚ್ಚಾಗಿ ಗೊತ್ತಾದದ್ದು 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಾದ ಸಾವುಗಳಿಂದ. ನಮಗೆ ಅದು ಹಳೆಯ ಪರಿಚಯ. ನಾನು ಹೇಳುತ್ತಿರುವುದು ಅರಳಗೋಡಿಗಿಂತ ಬಹಳ ಹಿಂದಿನ ಮಾತು. ಮೇಷ್ಟ್ರು ನಿವೃತ್ತರಾದ ಮೇಲೆ ಬೇಸಿಗೆಯ ಬೆಳಿಗ್ಗೆಗಳಲ್ಲಿ ಬೆಟ್ಟದ ಅಂಚಿನ ದರಕಿನ, ಅಂದರೆ ಉದುರಿದ ಒಣ ಎಲೆಗಳ ಮೇಲೆಯೇ ಕುಳಿತು ಚಿತ್ರ ಬರೆಯುತ್ತಿದ್ದರು. ಈ ಜ್ವರ ಹರಡುವ ಉಣುಗು ಕಚ್ಚಲು ಅದಕ್ಕಿಂತ ಒಳ್ಳೆಯ ಜಾಗ, ಒಳ್ಳೆಯ ಕಾಲ ಬೇಕಿಲ್ಲ. ಈ ವೈರಸ್ಸಿಗೆ ನೇರವಾದ ಔಷಧಿ ಇಲ್ಲ. ಜ್ವರ ಇಳಿಸುವುದು, ನೀರಿನಂಶ ಕಾಯುವುದು, ಪ್ಲೇಟ್‌ಲೆಟ್ ಲೆಕ್ಕ ನೋಡುವುದು, ಎಲ್ಲಿಂದಲಾದರೂ ರಕ್ತ ಒಸರುತ್ತಿದೆಯೇ ಎಂದು ಕಣ್ಣಿಟ್ಟಿರುವುದು, ಇಷ್ಟೇ ನಮ್ಮ ಕೈಯಲ್ಲಿರುವುದು. ಕೆಲವರಿಗೆ ಜ್ವರ ಬಿಟ್ಟು ಮತ್ತೆ ಮರುಕಳಿಸುತ್ತದೆ. ಆಗ ನರಗಳಿಗೆ ತಾಗಿ ಕೈ ನಡುಗುವುದುಂಟು. ಮೇಷ್ಟ್ರಿಗೆ ಅದೇ ಆಯಿತು. ಸಾಯುವ ಹೆದರಿಕೆ ಅವರಲ್ಲಿ ನಾನು ಕಾಣಲಿಲ್ಲ. ಗಂಜಿಯ ಚಮಚ ಬಾಯಿಯವರೆಗೆ ಹೋಗದೆ ಎದೆಯ ಮೇಲೆ ಚೆಲ್ಲಿದ ದಿನ ಮಾತ್ರ ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಮಲಗಿದ್ದರು.

ಕೈ ಮೆಲ್ಲಗೆ ಹತೋಟಿಗೆ ಬಂತು. ಮನೆಗೆ ಹೋದ ಮೇಲೆ ಒಂದು ದಿನ ಬಣ್ಣದ ಪೆಟ್ಟಿಗೆ, ಹಲಗೆ ಹಿಡಿದುಕೊಂಡು ಆಸ್ಪತ್ರೆಗೆ ಮರಳಿ ಬಂದರು. ವಾರ್ಡಿನಲ್ಲಿ ತಮ್ಮನ್ನು ನೋಡಿಕೊಂಡವರ ಭಾವಚಿತ್ರ ಬರೆಯುವುದಾಗಿ ಹೇಳಿದರು. ಡಾಕ್ಟರು, ಆಂಬುಲೆನ್ಸ್ ಚಾಲಕ, ನಾನು, ಮತ್ತು ನೆಲ ಒರೆಸುತ್ತಿದ್ದ ಆಯಾ. ಸರ್ಕಾರಿ ನೌಕರರು ಉಡುಗೊರೆ ತೆಗೆದುಕೊಳ್ಳುವುದಕ್ಕೆ ನಿಯಮಗಳಿವೆ ಎಂದು ನಮ್ಮ ಕಚೇರಿಯ ಗುಮಾಸ್ತರು ತಕರಾರು ಎತ್ತಿದರು. “ಇದರ ಬೆಲೆ ಎಷ್ಟಾಗುತ್ತದೆ ಮೇಷ್ಟ್ರೇ?” ಎಂದು ಕೇಳಿದಾಗ, “ಕಾಗದಕ್ಕೆ ಕೊಟ್ಟ ದುಡ್ಡು ಹೇಳಬಲ್ಲೆ. ಬರೆದ ಮೇಲೆ ಅದಕ್ಕೆ ಬೆಲೆ ಹೆಚ್ಚಿತೋ ಕಡಿಮೆಯಾಯಿತೋ ನೀವೇ ಹೇಳಬೇಕು” ಎಂದರು. ಕಡತ ಅಲ್ಲಿಗೇ ನಿಂತಿತು.

ಜಲವರ್ಣವೆಂದರೆ ಶಾಲೆಯ ಮಕ್ಕಳ ಬಣ್ಣ, ದೊಡ್ಡವರ ಬಣ್ಣವೇನಿದ್ದರೂ ತೈಲವರ್ಣ ಎಂದುಕೊಂಡವರು ಬಹಳ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಂತವರಲ್ಲಿ ಎಷ್ಟೋ ಜನ ಅದನ್ನು ರವಿವರ್ಮನ ತೈಲವರ್ಣವೆಂದೇ ತಿಳಿದಿರುತ್ತಾರೆ. ಅದು ಎಸ್.ಎಲ್. ಹಲ್ದಣಕರ್ ಅವರು 1940ರ ದಶಕದಲ್ಲಿ ಸ್ವಂತ ಮಗಳನ್ನು ನಿಲ್ಲಿಸಿಕೊಂಡು ಬರೆದ ಜಲವರ್ಣ. ತೈಲದಲ್ಲಿ ತಪ್ಪಿದರೆ ಮೇಲೆ ಇನ್ನೊಂದು ಪದರ ಹಚ್ಚಿ ಮುಚ್ಚಬಹುದು. ಜಲವರ್ಣದಲ್ಲಿ ಕೆಳಗಿನ ಕಾಗದವೇ ಬೆಳಕು. ಅದನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ತರುವುದು ಕಷ್ಟ.

ನನ್ನನ್ನು ಬರೆಯುವಾಗ ಇದನ್ನು ಕಣ್ಣಾರೆ ಕಂಡೆ. ನಾನು ಬಿಳಿ ಸಮವಸ್ತ್ರದಲ್ಲಿ, ಸೊಂಟಕ್ಕೆ ಔಷಧಿ ಕಪಾಟಿನ ಕೀಲಿಗೊಂಚಲು ಸಿಕ್ಕಿಸಿಕೊಂಡು, ಡ್ಯೂಟಿ ಮುಗಿದ ಮೇಲೆ ಕಿಟಕಿಯ ಬಳಿ ಕುಳಿತಿದ್ದೆ. ಬಿಳಿ ಬಣ್ಣದ ಟ್ಯೂಬನ್ನು ಅವರು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಸೀರೆಯ ನೆರಿಗೆ ಒಳಸರಿಯುವ ಕಡೆ ತೆಳು ನೀಲಿ, ಕಿಟಕಿಯ ಮರದ ಬಣ್ಣ ಬಟ್ಟೆಯ ಮೇಲೆ ಬಿದ್ದ ಕಡೆ ತುಸು ಕಾವಿ, ಅಷ್ಟೇ. ಉಳಿದದ್ದೆಲ್ಲ ಮುಟ್ಟದೆ ಬಿಟ್ಟ ಕಾಗದ. ಅಂದರೆ ಆ ಚಿತ್ರದಲ್ಲಿ ನನ್ನ ಅರ್ಧ ಭಾಗವನ್ನು ಮೇಷ್ಟ್ರು ಬರೆದೇ ಇಲ್ಲ. ಮುಖಕ್ಕೆ ಮಾತ್ರ ತೆಳುವಾದ ಪದರದ ಮೇಲೆ ಪದರ. ಒಂದು ಒಣಗುವವರೆಗೆ ಇನ್ನೊಂದಕ್ಕೆ ಕೈ ಹಾಕುತ್ತಿರಲಿಲ್ಲ. ಜೂನ್ ಮೊದಲ ಮಳೆ ಹಿಡಿದಿತ್ತು, ಕಾಗದ ಒಣಗುತ್ತಲೇ ಇರಲಿಲ್ಲ. ಸೂಜಿ ಕುದಿಸುವ ಪಾತ್ರೆಯ ಸ್ಟೌವಿನ ಹತ್ತಿರ ಹಲಗೆ ಹಿಡಿದು ಕಾಯುತ್ತಿದ್ದರು. ಕಿವಿಯ ಹಿಂದಿನ ಕೂದಲಿನ ಗೆರೆಯೊಂದು ನೇರವಾಗಿ ಇಳಿಯುವ ಬದಲು ಸಣ್ಣಗೆ ಅಲುಗಿದೆ. ಅಲ್ಲಿ ಕೈ ನಡುಗಿತ್ತು. ತಿದ್ದಬಹುದಿತ್ತೇನೋ, ತಿದ್ದಲಿಲ್ಲ.

ಕೊಡುವಾಗ ಅವರು ಕೇಳಿದ ಪ್ರಶ್ನೆ: “ಸಿಸ್ಟರ್, ನಿಮ್ಮ ಮನೆಯಲ್ಲಿ ಕೋಳಿ ಸಾಕಿದ್ದೀರಾ?”

ಇಲ್ಲವೆಂದೆ. “ಹಾಗಾದರೆ ಧೈರ್ಯವಾಗಿ ಕೊಡಬಹುದು” ಎಂದು ನಕ್ಕು ಡಚ್ ಚಿತ್ರಕಾರ ವ್ಯಾನ್ ಗೋನ ಕಥೆ ಹೇಳಿದರು. 1888ರ ಡಿಸೆಂಬರಿನಲ್ಲಿ ಕಿವಿ ಕೊಯ್ದುಕೊಂಡು ಫ್ರಾನ್ಸಿನ ಆರ್ಲ್ ಪಟ್ಟಣದ ಆಸ್ಪತ್ರೆ ಸೇರಿದ ವ್ಯಾನ್ ಗೋನನ್ನು ಫೆಲಿಕ್ಸ್ ರೇ ಎಂಬ ಎಳೆಯ ವೈದ್ಯ ನೋಡಿಕೊಂಡ. ಮರುತಿಂಗಳು ವ್ಯಾನ್ ಗೋ ಅವನ ಭಾವಚಿತ್ರ ಬರೆದು ಕೃತಜ್ಞತೆಗೆಂದು ಕೊಟ್ಟ. ವೈದ್ಯನಿಗೆ ಅದು ಹಿಡಿಸಲಿಲ್ಲ. ಅವನ ಮನೆಯವರು ಅದನ್ನು ಕೋಳಿಗೂಡಿನ ತೂತು ಮುಚ್ಚಲು ಬಳಸಿದರು. ವರ್ಷಗಳ ನಂತರ ಹುಡುಕಿಕೊಂಡು ಬಂದವರ ಕೈಗೆ ಸಿಕ್ಕಿ, ಕೈ ಬದಲಾಗುತ್ತ, ಈಗ ಅದು ಮಾಸ್ಕೋದ ಪುಷ್ಕಿನ್ ವಸ್ತುಸಂಗ್ರಹಾಲಯದಲ್ಲಿದೆ. ಅದು ತೈಲವರ್ಣವಾದ್ದರಿಂದ ಕೋಳಿಗೂಡಿನಲ್ಲೂ ಬದುಕಿತು. ಜಲವರ್ಣವಾಗಿದ್ದರೆ ಒಂದು ಮಳೆಯನ್ನೂ ತಡೆಯುತ್ತಿರಲಿಲ್ಲ.

ಮೇಷ್ಟ್ರು ತೀರಿಕೊಂಡ ಮೇಲೆ, ಇತ್ತೀಚೆಗೆ ಅವರ ಮಗಳು ಊರಿಗೆ ಬಂದಿದ್ದರು. ಅಪ್ಪನ ಚಿತ್ರಗಳು ಯಾರ ಯಾರ ಮನೆಯಲ್ಲಿವೆಯೋ ಅವುಗಳ ಫೋಟೊ ತೆಗೆದು ಒಂದು ಕಡೆ ಸೇರಿಸಬೇಕೆಂಬ ಆಸೆ ಅವರದು. ಆಸ್ಪತ್ರೆಯವರ ಮನೆಗಳು ನನಗೆ ಗೊತ್ತಿದ್ದುದರಿಂದ ಜೊತೆಗೆ ಹೋದೆ. ಅಲ್ಲಿ ಕಂಡದ್ದೇ ಈ ಪತ್ರಕ್ಕೆ ಕಾರಣ.

ಮೊದಲು ಆಂಬುಲೆನ್ಸ್ ಚಾಲಕರ ಮನೆ. ಅವರು ಈಗಿಲ್ಲ. ಅವರ ಪತ್ನಿ ದೇವರ ಕೋಣೆಯ ಪಕ್ಕದಿಂದ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಲ್ಯಾಮಿನೇಟ್ ಮಾಡಿಸಿದ್ದರು. “ನೀರು ಬಿದ್ದರೂ ಏನೂ ಆಗಬಾರದೆಂದು ಮಾಡಿಸಿದೆ ಸಿಸ್ಟರಮ್ಮ, ಅಂಗಡಿಯವನು ನೂರು ವರ್ಷ ಗ್ಯಾರಂಟಿ ಎಂದ” ಎಂದರು. ಕಾಗದ ಉಬ್ಬಿ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಒಳಗೆ ಉಳಿದ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಅಂಚಿನಿಂದ ಕಂದು ಕಲೆ ಹಬ್ಬಿ ಖಾಕಿ ಅಂಗಿಯ ಕಾಲರಿನವರೆಗೆ ಬಂದಿತ್ತು. ಬಿಸಿಗೆ ಕರಗಿದ ಅಂಟು ಕಾಗದದ ಎಳೆಯೊಳಗೆ ಇಳಿದಿದೆ. ಪ್ಲಾಸ್ಟಿಕ್ ಎಳೆದರೆ ಬಣ್ಣವೂ ಅದರ ಜೊತೆ ಬರುತ್ತದೆ. ಆ ತಾಯಿಯ ಮುಂದೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಮೇಷ್ಟ್ರ ಮಗಳು “ಚೆನ್ನಾಗಿ ಇಟ್ಟುಕೊಂಡಿದ್ದೀರಿ ಅಮ್ಮಾ” ಎಂದರು. ಅದು ಸುಳ್ಳಲ್ಲ. ಅವರಿಗೆ ತಿಳಿದ ಮಟ್ಟಿಗೆ ಅದಕ್ಕಿಂತ ಚೆನ್ನಾಗಿ ಇಡುವುದು ಸಾಧ್ಯವಿರಲಿಲ್ಲ.

ಡಾಕ್ಟರ ಚಿತ್ರಕ್ಕೆ ದೊಡ್ಡ ಊರಿನಲ್ಲಿ ದುಬಾರಿ ಕಟ್ಟು ಹಾಕಿಸಿತ್ತು. ಚೌಕಟ್ಟಿನ ಅಳತೆಗೆ ಹೊಂದಲೆಂದು ಅಂಗಡಿಯವರು ಕಾಗದದ ಕೆಳಭಾಗವನ್ನೇ ಕತ್ತರಿಸಿ, ಸಹಿ ಮತ್ತು ತಾರೀಖನ್ನು ಕಸದ ಬುಟ್ಟಿಗೆ ಹಾಕಿದ್ದಾರೆ. ಉಳಿದದ್ದನ್ನು ಹಾರ್ಡ್‌ಬೋರ್ಡಿಗೆ ಗೋಂದು ಹಾಕಿ ಅಂಟಿಸಿ, ಗಾಜನ್ನು ನೇರವಾಗಿ ಚಿತ್ರದ ಮೇಲೆಯೇ ಒತ್ತಿ ಕೂರಿಸಿದ್ದಾರೆ. ಕ್ಲಿನಿಕ್ಕಿನಲ್ಲಿ ಅದು ಪಶ್ಚಿಮದ ಕಿಟಕಿಗೆ ಎದುರಾಗಿ ನೇತಾಡುತ್ತಿತ್ತು. ಜಲವರ್ಣದ ಕೆಲವು ಗುಲಾಬಿ, ಕೆಂಪು ಬಣ್ಣಗಳು ಬಿಸಿಲಿಗೆ ಬಹಳ ಬೇಗ ಹಾರಿಹೋಗುತ್ತವೆ. ಮಣ್ಣಿನಿಂದ ಬಂದ ಹಳದಿ, ಕಾವಿ ಜಗ್ಗುವುದಿಲ್ಲ. ಡಾಕ್ಟರ ಕೆನ್ನೆಯ ಕೆಂಪೆಲ್ಲ ಹೋಗಿ ಹಳದಿಯೊಂದೇ ಉಳಿದು, ಕಾಮಾಲೆ ಹಿಡಿದು ತಮ್ಮದೇ ಸರದಿಗಾಗಿ ಕಾಯುತ್ತಿರುವ ರೋಗಿಯಂತೆ ಕಾಣುತ್ತಿದ್ದರು. ಡಾಕ್ಟರೇ ನೋಡಿ ನಕ್ಕರು, ಆಮೇಲೆ ಸುಮ್ಮನಾದರು.

ಎಲ್ಲಕ್ಕಿಂತ ಚೆನ್ನಾಗಿ ಉಳಿದದ್ದು ಆಯಾಳ ಚಿತ್ರ. ಆಕೆಗೆ ಕಟ್ಟು ಹಾಕಿಸಲು ದುಡ್ಡಿರಲಿಲ್ಲ. ಮೆತ್ತಗಾದ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಒಣಗಿಸಿದ ಲಕ್ಕಿಸೊಪ್ಪಿನ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಳು. ಮಳೆಗಾಲ ಕಳೆದ ಮೇಲೆ ಪ್ರತಿ ವರ್ಷ ಬಟ್ಟೆಗಳ ಜೊತೆ ಅದನ್ನೂ ತೆಗೆದು ನೆರಳಿನಲ್ಲಿ ಗಾಳಿಗೆ ಹರಡುತ್ತಿದ್ದಳಂತೆ. ನಡುವೆ ಒಂದು ಮಡಿಕೆಯ ಗುರುತು ಬಿಟ್ಟರೆ ಬಣ್ಣ ನಿನ್ನೆ ಹಚ್ಚಿದಂತಿದೆ. ಮೂಗುಬೊಟ್ಟಿನ ಕೆಂಪು ಹರಳು, ಅದರ ಪಕ್ಕ ಬಿಟ್ಟ ಸಾಸಿವೆಯಷ್ಟು ಬಿಳಿ ಕಾಗದ, ಎರಡೂ ಹಾಗೆಯೇ ಇವೆ. ಚಿತ್ರದ ಮೂಲೆಯಲ್ಲಿ ಸಹಿಯ ಪಕ್ಕ ಎಂಟು ಕಾಲಿನ ಪುಟ್ಟ ಉಣುಗು. ಕಾಯಿಲೆಯಿಂದ ಎದ್ದ ಮೇಲೆ ಕೊಟ್ಟ ಚಿತ್ರಗಳಿಗೆಲ್ಲ ಮೇಷ್ಟ್ರು ಅದನ್ನು ಹಾಕುತ್ತಿದ್ದರು. ತಮ್ಮನ್ನು ಆಸ್ಪತ್ರೆಗೆ ಕಳಿಸಿದವನಿಗೂ ಒಂದು ಸ್ಥಾನ ಇರಲಿ ಎಂದು.

ಕತ್ತಲು, ಉಸಿರಾಡುವ ಹತ್ತಿ ಬಟ್ಟೆ, ಹುಳು ದೂರವಿಡುವ ಸೊಪ್ಪು, ವರ್ಷಕ್ಕೊಮ್ಮೆ ಗಾಳಿ. ದೊಡ್ಡ ಸಂಗ್ರಹಾಲಯಗಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಬರೆದ 38 ಜಲವರ್ಣಗಳನ್ನು ಹೆನ್ರಿ ವಾನ್ ಎಂಬ ಸಂಗ್ರಾಹಕ 1900ರಲ್ಲಿ ಎಡಿನ್‌ಬರೋದ ರಾಷ್ಟ್ರೀಯ ಗ್ಯಾಲರಿಗೆ ಬಿಟ್ಟುಹೋದಾಗ, ಜನವರಿ ತಿಂಗಳಲ್ಲಿ ಮಾತ್ರ ಜನರಿಗೆ ತೋರಿಸಬೇಕೆಂದು ಷರತ್ತು ಹಾಕಿದ್ದ. ಅಲ್ಲಿ ಬೆಳಕು ತೀರಾ ಮಂದವಾಗಿರುವ ತಿಂಗಳು ಅದು. ಇಂದಿಗೂ ಜಲವರ್ಣಗಳನ್ನು ಸುಮಾರು 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಬ್ಬು ಬೆಳಕಿನಲ್ಲಿ ಕೆಲವೇ ತಿಂಗಳು ತೋರಿಸಿ ಮತ್ತೆ ಕತ್ತಲಲ್ಲಿ ಇಡುವುದು ರೂಢಿ. ಹಾಗೆಂದು ಆ ಷರತ್ತನ್ನು ನಾವು ಕಣ್ಣುಮುಚ್ಚಿ ಅನುಸರಿಸುವಂತಿಲ್ಲ. ನಮ್ಮ ಕಡೆ ಬೆಳಕು ಮಂದವಾಗುವುದು ಆಷಾಢದಲ್ಲಿ. ಆಗ ಚಿತ್ರ ಹೊರಗಿಟ್ಟರೆ ಬೂಷ್ಟು ಅದನ್ನು ತನ್ನದೆಂದು ಬರೆಸಿಕೊಂಡುಬಿಡುತ್ತದೆ.

ಆದ್ದರಿಂದ ಮನೆಯಲ್ಲಿ ಇಂಥ ಚಿತ್ರ ಇಟ್ಟುಕೊಂಡವರಲ್ಲಿ ವಿನಂತಿ. ಅದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಜಲವರ್ಣದ ಬಣ್ಣವನ್ನು ಹಿಡಿದಿಡುವುದು ಮರದ ಅಂಟು. ಎಷ್ಟು ವರ್ಷ ಕಳೆದರೂ ನೀರು ತಾಗಿದರೆ ಅದು ಮತ್ತೆ ಕರಗುತ್ತದೆ. ಹಾಗಾಗಿ ಧೂಳು ಕಂಡಿತೆಂದು ಒದ್ದೆ ಬಟ್ಟೆಯಲ್ಲಿ ಒರೆಸಲೂ ಬೇಡಿ. ಕಟ್ಟು ಹಾಕಿಸುವುದಾದರೆ ಅಂಗಡಿಯಲ್ಲೇ ನಿಂತು, ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ಮೌಂಟ್, ಅಂದರೆ ಚಿತ್ರದ ಸುತ್ತ ಕೂರುವ ರಟ್ಟಿನ ಅಂಚು, ಇಡಿಸಿ. ಆಮ್ಲವಿಲ್ಲದ ಬೋರ್ಡು ಕೇಳಿ, ನಮ್ಮ ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಚಿತ್ರಕಲಾ ಸಾಮಗ್ರಿಯ ಅಂಗಡಿಯಿಂದ ತರಿಸಬಹುದು. ಚಿತ್ರವನ್ನು ಯಾವುದಕ್ಕೂ ಪೂರ್ತಿ ಅಂಟಿಸಕೂಡದು. ಮೇಲಂಚಿನಲ್ಲಿ ತೆಳು ಕಾಗದದ ಎರಡು ತುಂಡುಗಳಿಗೆ ಗೋಧಿ ಹಿಟ್ಟಿನ ಗಂಜಿ ಹಚ್ಚಿ ತೂಗುಬಿಟ್ಟರೆ ಸಾಕು. ಮುಂದೆ ಯಾರಾದರೂ ಬಿಡಿಸಬೇಕೆಂದರೆ ಬಿಡಿಸಬಹುದು. ಮಳೆ ಹೊಡೆಯುವ ಹೊರಗೋಡೆಗೆ ನೇತುಹಾಕಬೇಡಿ, ಬಿಸಿಲು ಬೀಳುವ ಕಡೆಯಂತೂ ಬೇಡವೇ ಬೇಡ. ಸೆಲ್ಲೋಟೇಪಿನ ಬಗ್ಗೆ ಹೇಳಲು ಶುರು ಮಾಡಿದರೆ ನನ್ನ ರಕ್ತದೊತ್ತಡ ಏರುತ್ತದೆ.

ಫ್ರೇಮ್ ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಅವರ ಬಳಿ ಬರುವ ಗಿರಾಕಿಗಳಲ್ಲಿ ಬಹುಪಾಲು ದೇವರ ಪಟದವರು, ಮದುವೆ ಫೋಟೊದವರು. ಅಚ್ಚಾದ ಪಟಕ್ಕೆ ಅಂಟು ಹಾಕಿದರೆ ನಷ್ಟವಿಲ್ಲ, ಇನ್ನೊಂದು ಪ್ರತಿ ಸಿಗುತ್ತದೆ. ಕೈಯಲ್ಲಿ ಬರೆದದ್ದಕ್ಕೆ ಬೇರೆ ರೀತಿ ಇದೆ ಎಂದು ಅವರಿಗೆ ಯಾರು ಕಲಿಸಿದ್ದಾರೆ? ಲಲಿತಕಲಾ ಅಕಾಡೆಮಿ ಕಲಾವಿದರಿಗೆ ಶಿಬಿರಗಳನ್ನು ನಡೆಸುತ್ತದೆ, ಸಂತೋಷ. ಅದರಲ್ಲಿ ಒಂದನ್ನು ಜಿಲ್ಲೆಯ ಕಟ್ಟು ಹಾಕುವವರಿಗೆಂದು ನಡೆಸಲಿ. ಒಂದು ದಿನದ ಕೆಲಸ. ಕಲಾವಿದರಿಗೆ ಕೊಡುವ ಬಣ್ಣದ ಪೆಟ್ಟಿಗೆಯ ಬದಲು ಇವರಿಗೆ ಒಳ್ಳೆಯ ಮೌಂಟ್ ಬೋರ್ಡಿನ ಒಂದು ಕಟ್ಟು ಕೊಟ್ಟು ಕಳಿಸಲಿ.

ಇನ್ನೊಂದು ಕೋರಿಕೆ ಇದೆ. ಕಾಗದ, ಚಿತ್ರ ಸರಿಪಡಿಸಬಲ್ಲ ಪರಿಣತರು ರಾಜ್ಯದಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್ ಜೊತೆಗೂಡಿ ಕಟ್ಟಿದ ಸಂರಕ್ಷಣಾ ಕೇಂದ್ರವಿದೆ, ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಪ್ರಯೋಗಾಲಯವಿದೆ. ಆದರೆ ಚಾಲಕರ ಪತ್ನಿ ಗಂಡನ ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ರಾತ್ರಿ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಾರೆಯೇ? ನಮ್ಮ ಇಲಾಖೆಯಲ್ಲಿ ಕಣ್ಣಿನ ಡಾಕ್ಟರು ತಾಲ್ಲೂಕಿಗೆ ಬಂದು ಶಿಬಿರ ಹೂಡುತ್ತಿದ್ದರು. ಪೊರೆ ಬಂದವರನ್ನು ಗುರುತಿಸಿ, ಶಸ್ತ್ರಚಿಕಿತ್ಸೆ ಬೇಕಾದವರನ್ನು ಮಾತ್ರ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ, ಜಾಗಕ್ಕೆ ಕೊರತೆಯಿಲ್ಲ. ಮಳೆ ನಿಂತ ಮೇಲೆ, ನವೆಂಬರಿನಲ್ಲಿ, ವರ್ಷಕ್ಕೊಂದು ದಿನ ಒಬ್ಬ ಪರಿಣತರು ಅಲ್ಲಿ ಬಂದು ಕೂರಲಿ. ಜನ ತಂದ ಚಿತ್ರ, ಹಳೆಯ ಫೋಟೊ, ಕಾಗದಪತ್ರ ನೋಡಿ ಯಾವುದನ್ನು ಹಾಗೆಯೇ ಬಿಡಬೇಕು, ಯಾವುದಕ್ಕೆ ಚಿಕಿತ್ಸೆ ಬೇಕು ಹೇಳಲಿ. ಜೊತೆಗೆ ಅದೇ ಮೇಜಿನಲ್ಲಿ ಒಬ್ಬ ಹುಡುಗ ಕುಳಿತು ಪ್ರತಿಯೊಂದರ ಫೋಟೊ ತೆಗೆದು, ಯಾರು ಬರೆದದ್ದು, ಯಾವಾಗ, ಯಾರಿಗೆ, ಯಾತಕ್ಕೆ ಕೊಟ್ಟದ್ದು ಎಂದು ಬರೆದಿಟ್ಟುಕೊಳ್ಳಲಿ. ಆ ‘ಯಾತಕ್ಕೆ’ ಎಂಬ ಮಾಹಿತಿ ಹಣ ಕೊಟ್ಟು ಕೊಂಡ ಚಿತ್ರಗಳಿಗೆ ಇರುವುದಿಲ್ಲ. ಋಣಕ್ಕೆ ಬರೆದ ಚಿತ್ರಕ್ಕೆ ಇರುತ್ತದೆ, ಮತ್ತು ಅದು ಗೊತ್ತಿರುವವರೆಲ್ಲ ನನ್ನ ವಯಸ್ಸಿನವರು.

ಇಷ್ಟಕ್ಕೆಲ್ಲ ಹೊಸ ಕಟ್ಟಡ ಬೇಡ, ಹೊಸ ನಿಗಮವಂತೂ ಖಂಡಿತ ಬೇಡ.

ಪತ್ರ ಉದ್ದವಾಯಿತು, ನಿಮ್ಮಲ್ಲಿ ಜಾಗದ ಅಭಾವವೆಂದು ಬಲ್ಲೆ. ಕತ್ತರಿಸಬೇಕಾದರೆ ನನ್ನ ಸಮವಸ್ತ್ರದ ಪುರಾಣವನ್ನು ಕತ್ತರಿಸಿ, ಲ್ಯಾಮಿನೇಷನ್ ವಿಷಯ ಬಿಡಬೇಡಿ. ಓದುಗರಲ್ಲಿ ಯಾರ ಮನೆಯಲ್ಲಾದರೂ ಸಹಿಯ ಪಕ್ಕ ಪುಟ್ಟ ಉಣುಗು ಇರುವ ಜಲವರ್ಣದ ಚಿತ್ರವಿದ್ದರೆ, ಅದನ್ನು ಕಲೆಯೆಂದು ಕೆರೆದು ತೆಗೆಯಬೇಡಿ. ಹಗಲಿನ ನೆರಳಿನಲ್ಲಿ, ಫ್ಲ್ಯಾಷ್ ಹಾಕದೆ ಒಂದು ಫೋಟೊ ತೆಗೆದು ಈ ಪತ್ರಿಕೆಯ ಕಚೇರಿಗೆ ಕಳಿಸಿದರೆ, ಮೇಷ್ಟ್ರ ಮಗಳಿಗೆ ತಲುಪಿಸುವ ಕೆಲಸ ನನ್ನದು.

ನಿವೃತ್ತ ಶುಶ್ರೂಷಕಿ,
ಸಾಗರ ತಾಲ್ಲೂಕು